ಮೂಳೆ ಆಪರೇಷನ್ ಆದ ನಾಯಿಯ ಮೊದಲ ರಾತ್ರಿ

ನನ್ನ ಕ್ಲಿನಿಕ್ಕಿಗೆ ಮೂಳೆ ಆಪರೇಷನ್‌ಗೆ ಬರುವ ನಾಯಿಗಳಲ್ಲಿ ಬೈಕಿಗೆ ಸಿಕ್ಕಿ ತೊಡೆಮೂಳೆ ಮುರಿದುಕೊಂಡವೇ ಜಾಸ್ತಿ. ಪ್ಲೇಟ್ ಹಾಕಿ ಹೊಲಿಗೆ ಮುಗಿಸಿದರೆ ಅರ್ಧ ಕೆಲಸ ಆಯಿತು ಅಷ್ಟೇ. ಉಳಿದರ್ಧ ಆವತ್ತಿನ ರಾತ್ರಿ ಇರುತ್ತದೆ.

ನೋವು ಏರಿದ ಮೇಲೆ ಇಳಿಸುವುದಕ್ಕಿಂತ ಏರದ ಹಾಗೆ ನೋಡಿಕೊಳ್ಳುವುದು ಸುಲಭ. ನಾನು ಹೆಚ್ಚಾಗಿ ಬಳಸುವುದು ಬ್ಯುಪ್ರೆನಾರ್ಫಿನ್, ಒಪಿಯಾಯ್ಡ್ ಅಂದರೆ ಅಫೀಮಿನ ಗುಂಪಿನ ನೋವಿನ ಔಷಧಿ. ಕೆ.ಜಿ. ತೂಕಕ್ಕೆ 0.02 ಮಿ.ಗ್ರಾಂ., ಅಂದರೆ 20 ಕೆ.ಜಿ. ನಾಯಿಗೆ 0.4 ಮಿ.ಗ್ರಾಂ. ಇಂಜೆಕ್ಷನ್ ಕೊಟ್ಟ ಮೇಲೆ ಸರಿಯಾಗಿ ಹಿಡಿಯಲು ಅರ್ಧ ಮುಕ್ಕಾಲು ಗಂಟೆ ಬೇಕು. ಹಿಡಿದರೆ ಆರರಿಂದ ಎಂಟು ಗಂಟೆ ಇರುತ್ತದೆ. ಹಾಗಾಗಿ ನಾಯಿ ಎದ್ದು ನರಳಲು ಶುರು ಮಾಡಿದಾಗ ಸಿರಿಂಜ್ ಹುಡುಕಿದರೆ ತಡವಾಯಿತು. ಮೊದಲ ಡೋಸ್ ಅರಿವಳಿಕೆಗೆ ಮುಂಚೆಯೇ ಕೊಡುತ್ತೇನೆ.

ಅದೇ ಗುಂಪಿನ ಬ್ಯುಟಾರ್ಫನಾಲ್ ಸುಲಭವಾಗಿ ಸಿಗುತ್ತದೆ ಅಂತ ಬಹಳ ಜನ ಅದನ್ನೇ ನಂಬುತ್ತಾರೆ. ಎಕ್ಸ್‌ರೇಗೆ ಮಲಗಿಸಲು ಚೆನ್ನಾಗಿದೆ. ಮೂಳೆ ನೋವಿಗೆ ಸಾಲದು. ಒಂದೆರಡು ಗಂಟೆಯಲ್ಲೇ ಅದರ ಬಲ ಇಳಿಯುತ್ತದೆ, ಮಂಪರು ಮಾತ್ರ ಇನ್ನೂ ಸ್ವಲ್ಪ ಇರುತ್ತದೆ. ನಾಯಿ ಸುಮ್ನೆ ಮಲಗಿದೆ, ಆರಾಮಾಗಿದೆ ಅಂತ ನಾವು ಅಂದುಕೊಂಡುಬಿಡುತ್ತೇವೆ.

ಇನ್ನು ಕಾಗದದ ಕೆಲಸ. ಬ್ಯುಪ್ರೆನಾರ್ಫಿನ್ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪಟ್ಟಿಯಲ್ಲಿದೆ, 2018ರಲ್ಲಿ ಟ್ರಮಡಾಲ್ ಎಂಬ ನೋವಿನ ಔಷಧಿ ಕೂಡ ಸೇರಿತು. ಬೀರುಗೆ ಬೀಗ, ಒಂದೊಂದು ಆಂಪ್ಯೂಲ್‌ಗೂ ಲೆಕ್ಕ. ಕಿರಿಕಿರಿಯೇ, ಆದರೆ ಅದಕ್ಕೆ ಹೆದರಿ ಔಷಧಿಯನ್ನೇ ಇಡದಿರುವುದು ನನಗೆ ಒಪ್ಪಿಗೆಯಿಲ್ಲ.

“ನೋವಿದ್ರೆ ಕೂಗ್ತಿತ್ತು ಅಲ್ವಾ ಡಾಕ್ಟ್ರೇ?” ಅಂತ ಕೇಳುತ್ತಾರೆ. ಕೂಗದೆ ಮೂಲೆಗೆ ಮುಖ ಮಾಡಿ ಕೂತ ನಾಯಿಯೇ ನನಗೆ ಜಾಸ್ತಿ ಚಿಂತೆ. ಅದಕ್ಕೆ ಗ್ಲ್ಯಾಸ್ಗೋ ನೋವಿನ ಪಟ್ಟಿ ಇಟ್ಟುಕೊಂಡಿದ್ದೇನೆ. ಮೊದಲು ದೂರದಿಂದ ನೋಡುತ್ತೇನೆ: ಗಾಯ ನೆಕ್ಕುತ್ತಿದೆಯಾ, ಬೆನ್ನು ಬಿಗಿ ಹಿಡಿದಿದೆಯಾ? ಆಮೇಲೆ ಹೆಸರು ಹಿಡಿದು ಕರೆಯುತ್ತೇನೆ. ಕೊನೆಗೆ ಹೊಲಿಗೆಯಿಂದ ಎರಡು ಇಂಚು ಆಚೆ ಬೆರಳಿನಿಂದ ಮೆಲ್ಲಗೆ ಒತ್ತುತ್ತೇನೆ. ತಿರುಗಿ ನೋಡಿತಾ, ಕಾಲು ಎಳೆದುಕೊಂಡಿತಾ, ಗುರ್ ಅಂದಿತಾ, ಪ್ರತಿಯೊಂದಕ್ಕೂ ಅಂಕ ಇದೆ. ಒಟ್ಟು 24ರಲ್ಲಿ 6 ಮುಟ್ಟಿದರೆ ಇನ್ನೊಂದು ಡೋಸ್ ಬಗ್ಗೆ ಯೋಚಿಸಬೇಕು. ನಡಿಗೆಗೂ ಅಂಕ ಇದೆ, ನಡೆಸಿ ನೋಡಲು ಆಗದ ನಾಯಿಗೆ ಅದನ್ನು ಬಿಟ್ಟು 20ರಲ್ಲಿ 5.

ಕೂಗುವ ನಾಯಿಗೆಲ್ಲ ನೋವೇ ಅಂತಲೂ ಅಲ್ಲ. ಒಪಿಯಾಯ್ಡ್‌ನಿಂದ ಕೆಲವಕ್ಕೆ ತಲೆ ಕೆಟ್ಟ ಹಾಗಾಗುತ್ತದೆ. ಒಂದೇ ರಾಗದಲ್ಲಿ ಕುಂಯ್‌ಗುಡುತ್ತವೆ, ನಮ್ಮನ್ನು ನೋಡಿಯೂ ನೋಡದ ಹಾಗೆ ಇರುತ್ತವೆ. ನೋವಿರುವ ನಾಯಿ ತಲೆ ಸವರಿದರೆ ಸಾಮಾನ್ಯವಾಗಿ ಸ್ವಲ್ಪ ಸಮಾಧಾನವಾಗುತ್ತದೆ, ಗಾಯದ ಹತ್ತಿರ ಕೈ ಹೋದರೆ ಬೆಚ್ಚುತ್ತದೆ. ತಲೆ ಕೆಟ್ಟ ಹಾಗಾದ ನಾಯಿಗೆ ಈ ಎರಡೂ ಇರುವುದಿಲ್ಲ. ಅಂಥದ್ದಕ್ಕೆ ಡೋಸ್ ಏರಿಸಿದರೆ ಕೂಗು ಇನ್ನೂ ಹೆಚ್ಚಬಹುದು. ಅದಕ್ಕಿಂತ ಮುಂಚೆ ಇನ್ನೊಂದು ನೋಡಬೇಕು, ಮೂತ್ರ. ಡ್ರಿಪ್ ಓಡಿರುತ್ತದೆ, ಒಪಿಯಾಯ್ಡ್ ಮೂತ್ರ ಕಟ್ಟಿಸುತ್ತದೆ, ಮನೆಯಲ್ಲಿ ಬೆಳೆದ ನಾಯಿ ಪಂಜರದೊಳಗೆ ಮಾಡುವುದಿಲ್ಲ. ಹೊಟ್ಟೆಯ ಕೆಳಗೆ ಹಳೇ ಟವಲ್ ಕೊಟ್ಟು ಎತ್ತಿ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತೇವೆ. ಎಷ್ಟೋ ನಾಯಿಗಳು ವಾಪಸ್ ಬಂದು ಹಾಗೇ ನಿದ್ದೆ ಹೋಗುತ್ತವೆ.

ಒಪಿಯಾಯ್ಡ್ ಒಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಕಿಡ್ನಿ ಸರಿಯಿದ್ದರೆ ಊತ, ನೋವು ಇಳಿಸುವ ಮೆಲಾಕ್ಸಿಕ್ಯಾಮ್ ಜೊತೆಗಿರುತ್ತದೆ, ಮೊದಲ ದಿನ ಕೆ.ಜಿ.ಗೆ 0.2, ಆಮೇಲೆ ದಿನಕ್ಕೊಮ್ಮೆ 0.1 ಮಿ.ಗ್ರಾಂ. ಬ್ಯುಪಿವಕೇನ್‌ನಿಂದ ಕಾಲು ಮರಗಟ್ಟಿಸಿದರಂತೂ ರಾತ್ರಿಯ ಡೋಸ್ ಎಷ್ಟೋ ಉಳಿಯುತ್ತದೆ.

ಮನೆಗೆ ಕಳಿಸುವಾಗ ಬರೀ ಟ್ರಮಡಾಲ್ ಮಾತ್ರೆ ಬರೆದುಕೊಡುವ ರೂಢಿ ಇದೆ. ನಾನು ಬರೆಯುವುದಿಲ್ಲ. ಮನುಷ್ಯರಲ್ಲಿ ನೋವು ತಗ್ಗಿಸುವ ಅದರ ಮುಖ್ಯ ಅಂಶ ನಾಯಿಯ ಮೈಯಲ್ಲಿ ತೀರಾ ಕಡಿಮೆ ತಯಾರಾಗುತ್ತದೆ. ಮೆಲಾಕ್ಸಿಕ್ಯಾಮ್ ಅನ್ನು ಊಟದ ಜೊತೆ ಕೊಡಲು ಹೇಳುತ್ತೇನೆ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಲೇಬಾರದು. ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ ಅಥವಾ ಮಲ ಕಪ್ಪಗೆ ಬಂದರೆ ಮಾತ್ರೆ ನಿಲ್ಲಿಸಿ ಆಗಲೇ ಫೋನ್ ಮಾಡಬೇಕು, ರಾತ್ರಿಯಾದರೂ ಸರಿ.