ಗಿಟಾರ್ ಆಂಪ್ ನೀವೇ ಕಟ್ಟಿ, ಸ್ಪೀಕರ್ ಕಡೆಯಿಂದ ಶುರು ಮಾಡಿ

ಗಿಟಾರ್ ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್, ಕಟ್ಟಲು ಕೂತವರಲ್ಲಿ ತುಂಬಾ ಜನ ಇಡೀ ಸರ್ಕ್ಯೂಟನ್ನು ಒಂದೇ ಸಲ ಬೆಸೆದು, ಸ್ವಿಚ್ ಹಾಕಿ, ಸದ್ದು ಬರಲಿಲ್ಲ ಅಂತ ಮೂಲೆಗೆ ಎತ್ತಿಡುತ್ತಾರೆ. ಎಲ್ಲಿ ತಪ್ಪಿದೆ ಅಂತ ಹುಡುಕಲು ಜಾಗವೇ ಸಿಗುವುದಿಲ್ಲ. ಅದಕ್ಕೆ ಹಿಂದಿನಿಂದ ಕಟ್ಟಿಕೊಂಡು ಬನ್ನಿ. ಮೊದಲು ಸ್ಪೀಕರ್, ಆಮೇಲೆ ಅದನ್ನು ಓಡಿಸುವ ಐಸಿ, ಕೊನೆಗೆ ಗಿಟಾರ್ ಚುಚ್ಚುವ ಪ್ರಿಆಂಪ್. ಒಂದೊಂದು ಹಂತ ಮುಗಿದಾಗಲೂ ಮೀಟರ್ ಹಿಡಿದು ವೋಲ್ಟೇಜ್ ನೋಡಿ, ಒಂದು ಹಾಳೆಯಲ್ಲಿ ಬರೆದಿಡಿ. ಹೀಗೆ ಒಂದು ಆಂಪ್ ಕಟ್ಟಿದರೆ ರಿಪೇರಿಯ ಅರ್ಧ ಕೆಲಸ ಕಲಿತಂತೆಯೇ, ಯಾಕೆಂದರೆ ಸರಿಯಾಗಿರುವ ಆಂಪ್‌ನ ಒಳಗೆ ಎಲ್ಲೆಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನುವುದು ನಿಮ್ಮ ಕೈಬರಹದಲ್ಲೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಅರ್ಧ ವಾಟ್ ಆಸುಪಾಸಿನ ಪ್ರಾಕ್ಟೀಸ್ ಆಂಪ್. ಮುಂದೆ ಪ್ರಿಆಂಪ್‌ಗೆ ಟಿಎಲ್072 ಐಸಿ, ಹಿಂದೆ ಸ್ಪೀಕರ್ ಓಡಿಸಲು ಎಲ್‌ಎಂ386 ಐಸಿ. 9 ವೋಲ್ಟ್‌ನಲ್ಲಿ ಓಡುತ್ತದೆ, ಹಾಗಾಗಿ ಕೈ ತಗುಲಿದರೂ ಭಯವಿಲ್ಲ. ಅರ್ಧ ವಾಟ್ ಅಂದರೆ ಏನೂ ಅಲ್ಲ ಅಂದುಕೊಳ್ಳಬೇಡಿ. ಒಳ್ಳೆಯ 8 ಇಂಚಿನ ಸ್ಪೀಕರ್‌ಗೆ ಕೊಟ್ಟರೆ ರಾತ್ರಿ ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಜೋರಾಗಿರುತ್ತದೆ.

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ. ಬೇರೆ ಊರಿನವರು ಟಿವಿ ರಿಪೇರಿಯವರು ಸಾಮಾನು ತರುವ ಅಂಗಡಿ ಹುಡುಕಿ, ಅಲ್ಲಿ ಟಿಎಲ್072 ಇಲ್ಲದಿದ್ದರೆ ಅದೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಎರಡೂ ಐಸಿಗೆ 8 ಪಿನ್ನಿನ ಬೇಸ್ ತಗೊಳ್ಳಿ, ಐಸಿಯನ್ನು ನೇರ ಬೆಸೆಯಬೇಡಿ. ಒಂದು ಝೀರೋ ಪಿಸಿಬಿ (ಬರೀ ತೂತುಗಳಿರುವ ಬೋರ್ಡ್), ಕಾಲು ವಾಟ್ ರೆಸಿಸ್ಟರ್‌ಗಳು, 10 ಕೆ (ಕಿಲೋ ಓಮ್) ಲಾಗ್ ಪಾಟ್ (ವಾಲ್ಯೂಮ್ ತಿರುಗಿಸುವ ರೆಸಿಸ್ಟರ್), 1ಎನ್4007 ಡಯೋಡ್, 6.35 ಎಂಎಂ ಮೋನೋ ಸಾಕೆಟ್ (ಅಂಗಡಿಯಲ್ಲಿ ಪಿ-38 ಅಂತ ಕೇಳಿ), ಒಂದು ಮೀಟರ್ ಶೀಲ್ಡ್ ವೈರ್. ಚಿಕ್ಕ ಕೆಪಾಸಿಟರ್‌ಗಳನ್ನು ನಂಬರ್‌ನಲ್ಲಿ ಕೇಳುವುದು ಸುಲಭ: 104 ಅಂದರೆ 100 ನ್ಯಾನೋಫ್ಯಾರಡ್, 473 ಅಂದರೆ 47, 223 ಅಂದರೆ 22. ಬೆಸುಗೆಗೆ 25 ವಾಟ್ ಐರನ್, 60/40 ಸೋಲ್ಡರ್ ಸಾಕು. ಪೈಪ್ ಬೆಸೆಯುವ ಆಸಿಡ್ ಫ್ಲಕ್ಸ್ ಮಾತ್ರ ಹತ್ತಿರ ತರಬೇಡಿ, ಅದು ತಾಮ್ರದ ಟ್ರ್ಯಾಕನ್ನೇ ತಿಂದು ಹಾಕುತ್ತದೆ.

ಸ್ಪೀಕರ್ 8 ಓಮ್‌ದೇ ಇರಬೇಕು. ಹಳೆಯ ಸ್ಪೀಕರ್ ಕೈಗೆ ಸಿಕ್ಕಿದ್ದರೆ ಮೀಟರಿನಲ್ಲಿ ನೋಡಿ. 8 ಓಮ್ ಸ್ಪೀಕರ್ ಸಾಮಾನ್ಯವಾಗಿ 6ರಿಂದ 7 ಓಮ್ ತೋರಿಸುತ್ತದೆ, ಅದು ಸರಿಯೇ. 3 ಚಿಲ್ಲರೆ ತೋರಿಸಿದರೆ 4 ಓಮ್‌ದು, ಕಾರಿನ ಸ್ಪೀಕರ್‌ಗಳು ಹೆಚ್ಚಾಗಿ ಅದೇ. ಎಲ್‌ಎಂ386ಗೆ ಅದು ಭಾರ. ಇನ್ನೊಂದು ಮಾತು, ಸ್ಪೀಕರನ್ನು ಮೇಜಿನ ಮೇಲೆ ಬೋಳಾಗಿ ಇಟ್ಟು ನುಡಿಸಿ ಸದ್ದು ಸಣ್ಣಗಿದೆ ಅನ್ನಬೇಡಿ. ಪ್ಲೈವುಡ್ ಡಬ್ಬಿಗೆ ಕೂರಿಸಿದ ಮೇಲೆ ಅದೇ ಸ್ಪೀಕರ್ ಬೇರೆಯೇ ಆಗುತ್ತದೆ.

ಈಗ ಎಲ್‌ಎಂ386. ಪಿನ್ 6ಕ್ಕೆ ಪ್ಲಸ್, 4 ಮತ್ತು 2 ಗ್ರೌಂಡಿಗೆ (ಪವರ್‌ನ ಮೈನಸ್), 3ಕ್ಕೆ ಇನ್‌ಪುಟ್, 5ರಿಂದ ಔಟ್‌ಪುಟ್. ಪಿನ್ 6ರ ಪಕ್ಕದಲ್ಲೇ, ಅಂದರೆ ಒಂದು ಸೆಂಟಿಮೀಟರ್ ಒಳಗೆ, ಒಂದು 104 ಮತ್ತು ಒಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಗ್ರೌಂಡಿಗೆ ಹಾಕಿ. ಪಿನ್ 7ರಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್. ಪಿನ್ 5ರಿಂದ ಗ್ರೌಂಡಿಗೆ 10 ಓಮ್ ಮತ್ತು 473 ಸಾಲಾಗಿ, ಇದನ್ನು ಬಿಟ್ಟರೆ ಕಿವಿಗೆ ಕೇಳಿಸದ ಎತ್ತರದಲ್ಲಿ ಐಸಿ ತಾನೇ ತಾನಾಗಿ ಕಿರುಚಿಕೊಂಡು ಬಿಸಿಯಾಗಬಹುದು. ಪಿನ್ 1 ಮತ್ತು 8 ಖಾಲಿ ಬಿಡಿ, ಆಗ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು) 20. ಅವುಗಳ ಮಧ್ಯೆ 10 ಮೈಕ್ರೋಫ್ಯಾರಡ್ ಹಾಕಿದರೆ 200 ಆಗುತ್ತದೆ. ಶುರುವಿನಲ್ಲಿ ಎಲ್ಲರಿಗೂ ಅದರ ಮೇಲೇ ಕಣ್ಣು, ಆದರೆ ಅದರ ಜೊತೆಗೇ ಸುಂಯ್ ಅನ್ನುವ ಸದ್ದೂ ಹತ್ತು ಪಟ್ಟು ಬರುತ್ತದೆ. ಬೇಡ.

ಪಿನ್ 5 ಮತ್ತು ಸ್ಪೀಕರ್ ಮಧ್ಯೆ ಬರುವ ಔಟ್‌ಪುಟ್ ಕೆಪಾಸಿಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಐಸಿ ತಯಾರಕರ ಡೇಟಾಶೀಟಿನ ಚಿತ್ರದಲ್ಲಿ 250 ಮೈಕ್ರೋಫ್ಯಾರಡ್ ಇದೆ. 8 ಓಮ್ ಸ್ಪೀಕರ್ ಜೊತೆ ಅದು 80 ಹರ್ಟ್ಸ್ ಹತ್ತಿರದಿಂದ ಕೆಳಗಿನ ಸದ್ದನ್ನು ಕುಗ್ಗಿಸುತ್ತಾ ಹೋಗುತ್ತದೆ. ಗಿಟಾರಿನ ದಪ್ಪ ಇ ತಂತಿ ಇರುವುದು 82 ಹರ್ಟ್ಸ್‌ನಲ್ಲಿ! ಅಂದರೆ ನಿಮ್ಮ ಕೆಳಗಿನ ಸ್ವರಗಳೇ ಸೊರಗುತ್ತವೆ. 470 ಹಾಕಿ, ಆ ಮಿತಿ 42ಕ್ಕೆ ಇಳಿಯುತ್ತದೆ. ಪ್ಲಸ್ ಕಾಲು ಪಿನ್ 5ರ ಕಡೆಗೆ.

ಐಸಿ ಕೂರಿಸುವ ಮುಂಚೆ ಪವರ್ ಕೊಟ್ಟು ಬೇಸಿನ 6 ಮತ್ತು 4ರ ಮಧ್ಯೆ ಅಳೆಯಿರಿ. ಅಡಾಪ್ಟರ್ ವಿಷಯದಲ್ಲಿ ಎರಡು ಎಚ್ಚರಿಕೆ. ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಇರುವ ಬ್ಯಾಟರಿ ಎಲಿಮಿನೇಟರ್ ಮೇಲೆ 9 ವೋಲ್ಟ್ ಅಂತ ಬರೆದಿದ್ದರೂ ಲೋಡ್ ಇಲ್ಲದಾಗ 12, 13 ಕೊಡುತ್ತದೆ, ಮಾಮೂಲಿ ಎಲ್‌ಎಂ386ಗೆ 12ರ ಮೇಲೆ ಕೊಡಬಾರದು. ಎರಡನೆಯದು, ಗಿಟಾರ್ ಪೆಡಲ್ ಅಡಾಪ್ಟರ್‌ಗಳಲ್ಲಿ ನಡುವಿನ ಪಿನ್ ಮೈನಸ್, ಉಳಿದ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಪ್ಲಸ್. ಅದಕ್ಕೇ ಪ್ಲಸ್ ದಾರಿಯಲ್ಲಿ ಆ 1ಎನ್4007 ಸಾಲಾಗಿ ಇರಲಿ. ಉಲ್ಟಾ ಕೊಟ್ಟರೆ ಆಂಪ್ ಸುಮ್ನೆ ಸತ್ತಂತೆ ಇರುತ್ತದೆ, ಸುಡುವುದಿಲ್ಲ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತದೆ, ಆದರೆ ಜೋರಾಗಿ ನುಡಿಸಿದರೆ ಬೇಗ ಕುಸಿಯುತ್ತದೆ.

ಐಸಿ ಹಾಕಿ, ಪಿನ್ 3ನ್ನು ಸದ್ಯಕ್ಕೆ ಗ್ರೌಂಡಿಗೆ ಕೊಟ್ಟು ಪವರ್ ಹಾಕಿ. ಪಿನ್ 6ರಲ್ಲಿ 8.3, 8.4 ಇರಬೇಕು, ಡಯೋಡ್ ಸ್ವಲ್ಪ ತಿನ್ನುತ್ತದೆ. ಪಿನ್ 5ರಲ್ಲಿ ಅದರ ಅರ್ಧ, 4 ವೋಲ್ಟ್ ಆಸುಪಾಸು. ಈ ಅರ್ಧ ಅನ್ನುವುದೇ ಮುಖ್ಯ. 5ರಲ್ಲಿ ಸೊನ್ನೆಯೋ ಪೂರ್ತಿ 8 ವೋಲ್ಟೋ ಬಂದರೆ ಐಸಿ ಕೆಟ್ಟಿದೆ ಅಥವಾ ಎಲ್ಲೋ ಬೆಸುಗೆ ತಗುಲಿಕೊಂಡಿದೆ. ಐಸಿ ಮೇಲೆ ಬೆರಳಿಡಿ. ಸುಮ್ಮನಿದ್ದಾಗ ಅದು ಎಳೆಯುವುದು ಬರೀ 4 ಮಿಲಿಆಂಪ್, ಬೆಚ್ಚಗೂ ಆಗಬಾರದು. ಎಲ್ಲ ಸರಿ ಇದ್ದರೆ ಪಿನ್ 3ರ ಗ್ರೌಂಡ್ ತೆಗೆದು ಬೆರಳು ಮುಟ್ಟಿಸಿ, ಗುಂಯ್ ಅನ್ನಬೇಕು. ಹಿಂದಿನ ಅರ್ಧ ಮುಗಿಯಿತು.

ಇಲ್ಲಿಗೇ ಗಿಟಾರ್ ಚುಚ್ಚಿದರೂ ಸದ್ದು ಬರುತ್ತದೆ, ಆದರೆ ಕಂಬಳಿ ಹೊದ್ದು ಹಾಡಿದ ಹಾಗಿರುತ್ತದೆ. ಎಲ್‌ಎಂ386ರ ಇನ್‌ಪುಟ್ ಬರೀ 50 ಕೆ. ಗಿಟಾರ್ ತಂತಿಯ ಕಂಪನ ಹಿಡಿಯುವ ಪಿಕಪ್ ಅಂದರೆ ಸಾವಿರಾರು ಸುತ್ತಿನ ತಂತಿ, ಅದಕ್ಕೆ 50 ಕೆ ಭಾರ ಹೇರಿದರೆ ಮೇಲಿನ ಹೊಳಪೆಲ್ಲ ಹೋಗುತ್ತದೆ. ಪಿಕಪ್‌ಗೆ ಬೇಕಾದದ್ದು 1 ಮೆಗ್ ಓಮ್. ಪ್ರಿಆಂಪ್ ಇರುವುದು ಸದ್ದು ದೊಡ್ಡದು ಮಾಡಲು ಮಾತ್ರ ಅಂತ ಅಂದುಕೊಂಡವರು ಜಾಸ್ತಿ. ಪಿಕಪ್ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳುವುದೇ ಅದರ ಮೊದಲ ಕೆಲಸ.

ಟಿಎಲ್072ಗೆ ಪವರ್ ಕೊಡುವಾಗ ನೇರ ಕೊಡಬೇಡಿ, 100 ಓಮ್ ರೆಸಿಸ್ಟರ್ ಮೂಲಕ ಕೊಟ್ಟು ಅಲ್ಲಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಹಾಕಿ. ಇದಿಲ್ಲದಿದ್ದರೆ ವಾಲ್ಯೂಮ್ ಏರಿಸಿದಾಗ ದೋಣಿಯ ಮೋಟಾರ್‌ನಂತೆ ಡುಬುಡುಬು ಶುರುವಾಗಬಹುದು. ಆ ಪ್ಲಸ್‌ನಿಂದ ಪಿನ್ 8, ಗ್ರೌಂಡ್ ಪಿನ್ 4. ಎರಡು 10 ಕೆ ರೆಸಿಸ್ಟರ್ ಪ್ಲಸ್‌ನಿಂದ ಗ್ರೌಂಡಿಗೆ ಸಾಲಾಗಿ ಹಾಕಿದರೆ ನಡುವೆ ಅರ್ಧ ವೋಲ್ಟೇಜ್ ಸಿಗುತ್ತದೆ. ಆ ನಡುಬಿಂದುವಿನಿಂದ ಗ್ರೌಂಡಿಗೆ 47 ಮೈಕ್ರೋಫ್ಯಾರಡ್, ಪಿನ್ 3ಕ್ಕೆ 1 ಮೆಗ್ ರೆಸಿಸ್ಟರ್. ಗಿಟಾರ್ ಸಾಕೆಟ್‌ನಿಂದ ಪಿನ್ 3ಕ್ಕೆ 223. ಪಿನ್ 1 ಮತ್ತು 2ರ ಮಧ್ಯೆ 47 ಕೆ, ಅದರ ಮೇಲೇ 220 ಪಿಕೋಫ್ಯಾರಡ್ ಅಡ್ಡಲಾಗಿ. ಪಿನ್ 2ರಿಂದ 10 ಕೆ, ಅದರಿಂದ 1 ಮೈಕ್ರೋಫ್ಯಾರಡ್ ಗ್ರೌಂಡಿಗೆ, ಮೈನಸ್ ಕಾಲು ಗ್ರೌಂಡ್ ಕಡೆ. ಇದರಿಂದ ಗೇನ್ ಐದೂವರೆ ಚಿಲ್ಲರೆ ಬರುತ್ತದೆ. ಪಿನ್ 1ರಿಂದ ಇನ್ನೊಂದು 1 ಮೈಕ್ರೋಫ್ಯಾರಡ್ ಮೂಲಕ, ಪ್ಲಸ್ ಕಾಲು ಪಿನ್ 1ರ ಕಡೆಗೆ, ವಾಲ್ಯೂಮ್ ಪಾಟ್‌ನ ಮೇಲಿನ ಕಾಲಿಗೆ. ಪಾಟ್‌ನ ನಡುವಿನ ಕಾಲು ಎಲ್‌ಎಂ386ರ ಪಿನ್ 3ಕ್ಕೆ, ಕೆಳಗಿನದು ಗ್ರೌಂಡಿಗೆ.

ಟಿಎಲ್072 ಒಳಗೆ ಎರಡು ಆಪ್‌ಆಂಪ್ (ಆಂಪ್ಲಿಫೈಯರ್ ಘಟಕ) ಇವೆ, ನಾವು ಬಳಸಿದ್ದು ಒಂದು. ಇನ್ನೊಂದನ್ನು ಹಾಗೇ ತೂಗಾಡಲು ಬಿಡಬೇಡಿ. 6 ಮತ್ತು 7ನ್ನು ಒಟ್ಟಿಗೆ ಸೇರಿಸಿ, 5ನ್ನು ನಡುಬಿಂದುವಿಗೆ ಕೊಡಿ.

ಅಳೆಯಿರಿ. ಪಿನ್ 8ರಲ್ಲಿ 8 ವೋಲ್ಟ್ ಇದ್ದರೆ ಪಿನ್ 1ರಲ್ಲಿ 4. ಪಿನ್ 3ರಲ್ಲಿ ಮಾತ್ರ 3.6ರ ಹತ್ತಿರ ಕಾಣುತ್ತದೆ, ಗಾಬರಿ ಬೇಡ. ಮೀಟರಿನ ಒಳಗೇ 10 ಮೆಗ್ ಓಮ್ ಇರುತ್ತದೆ, 1 ಮೆಗ್‌ನ ಹಿಂದೆ ಅಳೆದಾಗ ಅದು ಸ್ವಲ್ಪ ಎಳೆದುಕೊಳ್ಳುತ್ತದೆ. ನಿಜವಾಗಿ ಅಲ್ಲಿರುವುದು 4ರೇ.

ವಾಲ್ಯೂಮ್ ಅರ್ಧ ದಾಟಿಸಿ ಜೋರಾಗಿ ಮೀಟಿದರೆ ಎಲ್‌ಎಂ386 ಒಡೆದ ಸದ್ದು ಕೊಡಲು ಶುರು ಮಾಡುತ್ತದೆ. ಬ್ಲೂಸ್, ರಾಕ್ ನುಡಿಸುವವರಿಗೆ ಅದೇ ಬೇಕು ಅಲ್ವಾ? ಬೇಡ ಅನ್ನುವವರು 47 ಕೆ ಬದಲು 22 ಕೆ ಹಾಕಿ. ಅಕೌಸ್ಟಿಕ್ ಗಿಟಾರಿನ ಪೀಜೋ ಪಿಕಪ್‌ಗೆ, ಅಥವಾ ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್‌ಗೂ ಇದೇ ಪ್ರಿಆಂಪ್ ಆಗುತ್ತದೆ. ಆಗ 1 ಮೆಗ್ ತೆಗೆದು 4.7 ಅಥವಾ 10 ಮೆಗ್ ಹಾಕಿ, ಇಲ್ಲದಿದ್ದರೆ ಮಂದ್ರವೆಲ್ಲ ತೆಳ್ಳಗಾಗುತ್ತದೆ.

ಗ್ರೌಂಡ್ ವೈರ್‌ಗಳನ್ನು ಒಂದಕ್ಕೊಂದು ಸರಪಳಿ ಮಾಡದೆ ಎಲ್ಲವನ್ನೂ ದೊಡ್ಡ ಕೆಪಾಸಿಟರಿನ ಮೈನಸ್ ಕಾಲಿನ ಬಳಿ ಒಂದೇ ಜಾಗಕ್ಕೆ ತನ್ನಿ. ಸಾಕೆಟ್‌ನಿಂದ ಬೋರ್ಡಿಗೆ ಶೀಲ್ಡ್ ವೈರ್ ಹಾಕಿ, ಸ್ಪೀಕರ್ ವೈರನ್ನು ಅದರ ಪಕ್ಕದಲ್ಲಿ ಓಡಿಸಬೇಡಿ.

ರಿಪೇರಿಗೆ ಬರುವ ಆಂಪ್‌ಗಳು

ರಿಪೇರಿಗೂ ಅದೇ ದಾರಿ, ಆದರೆ ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಇನ್‌ಪುಟ್ ಸಾಕೆಟ್. ಅಗ್ಗದ ಪ್ರಾಕ್ಟೀಸ್ ಆಂಪ್‌ಗಳಲ್ಲಿ ಸಾಕೆಟನ್ನು ನೇರ ಬೋರ್ಡಿಗೇ ಬೆಸೆದಿರುತ್ತಾರೆ. ಕೇಬಲ್ ಎಳೆದಾಗೆಲ್ಲ ಆ ಬೆಸುಗೆ ಅಲುಗಾಡಿ, ಪಿನ್ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಬೀಳುತ್ತದೆ. ಲೆನ್ಸ್ ಹಿಡಿದು ದೀಪದ ಕೆಳಗೆ ಓರೆಯಾಗಿ ನೋಡಿದರೆ ಕಾಣುತ್ತದೆ. ಹಳೆ ಸೋಲ್ಡರ್ ತೆಗೆದು ಹೊಸದು ಹಾಕಿ.

ಪಾಟ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸಿ. ಎರಡು ದಿನಕ್ಕೆ ಮತ್ತೆ ಶುರುವಾಯಿತೇ? ಆಗ ಧೂಳಿನದಲ್ಲ. ಪಾಟ್ ಕಾಲಿನಲ್ಲಿ ಡಿಸಿ ಅಳೆಯಿರಿ, ಅದರ ಮುಂಚಿನ ಕೆಪಾಸಿಟರ್ ಸೋರುತ್ತಿರುತ್ತದೆ.

ಸದ್ದು ಎಲ್ಲಿ ನಿಂತಿದೆ ಅಂತ ಹುಡುಕಲು ಒಂದು ಹಳೇ ಗಿಟಾರ್ ಕೇಬಲ್ ಕತ್ತರಿಸಿ, ಒಳಗಿನ ತಂತಿಗೆ ಒಂದು 104 ಬೆಸೆದು, ಇನ್ನೊಂದು ತುದಿಯನ್ನು ಬೇರೆ ಆಂಪಿಗೆ ಚುಚ್ಚಿ. ಕೇಬಲಿನ ಶೀಲ್ಡ್ ಕೆಟ್ಟ ಆಂಪ್‌ನ ಗ್ರೌಂಡಿಗೆ. ಈಗ 104ರ ಕಾಲನ್ನು ಇನ್‌ಪುಟ್‌ನಿಂದ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಹೋಗಿ. ಎಲ್ಲಿ ಸದ್ದು ಮಾಯವಾಯಿತೋ ಅದರ ಹಿಂದುಮುಂದೆಯೇ ರೋಗ. ಇದು ಬ್ಯಾಟರಿ, ಅಡಾಪ್ಟರ್ ಆಂಪ್‌ಗಳಿಗೆ ಮಾತ್ರ.

ಹಮ್ (ಕರೆಂಟಿನ ಗುಂಯ್ ಸದ್ದು) ಬರುತ್ತಿದ್ದರೆ ಗಿಟಾರನ್ನೇ ಮೀಟರ್ ಮಾಡಿಕೊಳ್ಳಿ. ದಪ್ಪ ಇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಜಿ, 98 ಹರ್ಟ್ಸ್. ಹಮ್ ಹೆಚ್ಚುಕಮ್ಮಿ ಅದೇ ಸ್ವರದಲ್ಲಿ ಝಂಯ್ ಅಂದರೆ ಅದು 100 ಹರ್ಟ್ಸ್, ರೆಕ್ಟಿಫೈಯರ್ ಆದ ಮೇಲಿನ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತಲೇ ಮೊದಲ ಅನುಮಾನ. ಅದಕ್ಕಿಂತ ಒಂದು ಆಕ್ಟೇವ್ ಕೆಳಗೆ ಮೆತ್ತಗೆ ಗುಂ ಅಂದರೆ 50 ಹರ್ಟ್ಸ್, ಕೇಬಲ್, ಅರ್ಥಿಂಗ್, ಶೀಲ್ಡಿಂಗ್ ಕಡೆ ನೋಡಿ.

ನೇರ ಗೋಡೆಯ ಕರೆಂಟಿಗೆ ಚುಚ್ಚುವ ಆಂಪ್ ಬಿಚ್ಚುವ ಮುಂಚೆ, ಕರೆಂಟ್ ದಾರಿಯಲ್ಲಿ ಸಾಲಾಗಿ ಬಲ್ಬ್ ಇರುವ ಒಂದು ಸೀರೀಸ್ ಲ್ಯಾಂಪ್ ಮಾಡಿಸಿಕೊಳ್ಳಿ, ಊರಿನ ಯಾವ ಎಲೆಕ್ಟ್ರಿಷಿಯನ್ ಬಳಿಯಾದರೂ ಇರುತ್ತದೆ. 60 ಅಥವಾ 100 ವಾಟ್‌ನ ಹಳೇ ತಂತಿ ಬಲ್ಬ್ ಬೇಕು, ಎಲ್‌ಇಡಿ ಆಗುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ವಾಲ್ವ್ (ಗಾಜಿನ ಟ್ಯೂಬ್) ಇರುವ ಆಂಪ್ ಮಾತ್ರ ಬೇರೆ ಲೆಕ್ಕ. ಅದರ ಒಳಗೆ 300 ವೋಲ್ಟ್‌ಗಿಂತ ಹೆಚ್ಚಿನ ಡಿಸಿ ಇರುವುದು ಮಾಮೂಲಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ. ಇನ್ಸುಲೇಷನ್ ಇರುವ ಕ್ಲಿಪ್ ವೈರ್‌ನಲ್ಲಿ 4.7 ಕೆ, 10 ವಾಟ್ ರೆಸಿಸ್ಟರ್ ಹಾಕಿ ಇಳಿಸಿ, ಮೀಟರಿನಲ್ಲಿ ಸೊನ್ನೆ ಹತ್ತಿರ ಬಂದದ್ದು ನೋಡಿದ ಮೇಲೇ ಕೈ ಹಾಕಬೇಕು. ಮೊದಲ ಸಲ ಬಲ್ಲವರ ಪಕ್ಕದಲ್ಲಿ ಕೂತು ಮಾಡಿ. ಈ ವಿದ್ಯೆ ಹಬ್ಬಿದ್ದೇ ಹಾಗೆ. ಫೆಂಡರ್ ಗಿಟಾರ್, ಆಂಪ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. 1962ರಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ವಾದ್ಯದ ಅಂಗಡಿಯವರು ತಮ್ಮ ಮೊದಲ ಆಂಪ್ ಮಾಡಿದಾಗ ಮುಂದಿಟ್ಟುಕೊಂಡದ್ದು ಫೆಂಡರ್ ಬಾಸ್‌ಮನ್ ಆಂಪಿನ ಸರ್ಕ್ಯೂಟ್. ಒಳ್ಳೆಯ ಸರ್ಕ್ಯೂಟ್ ನೋಡಿ ಕಟ್ಟುವುದರಲ್ಲಿ ಸಂಕೋಚ ಪಡಬೇಡಿ.

ಫಿಲ್ಟರ್ ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 105 ಡಿಗ್ರಿಯದು ಕೇಳಿ ತಗೊಳ್ಳಿ. ಟ್ರಾನ್ಸಿಸ್ಟರ್ ಆಂಪ್ ಆದರೆ ಸ್ಪೀಕರ್ ಬಿಚ್ಚಿಟ್ಟು, ಸೀರೀಸ್ ಲ್ಯಾಂಪ್ ಮೂಲಕವೇ ಸ್ವಿಚ್ ಹಾಕಿ, ಸ್ಪೀಕರ್ ವೈರ್‌ಗಳ ಮಧ್ಯೆ ಡಿಸಿ ಅಳೆಯಿರಿ. 0.1 ವೋಲ್ಟ್ ಒಳಗಿದ್ದರೆ ಸ್ಪೀಕರ್ ಸೇರಿಸಬಹುದು. ಹತ್ತು ಹದಿನೈದು ವೋಲ್ಟ್ ಕಂಡರೆ ಔಟ್‌ಪುಟ್ ಐಸಿಯೋ ಟ್ರಾನ್ಸಿಸ್ಟರೋ ಹೋಗಿದೆ. ಅದನ್ನು ಬದಲಿಸುವ ತನಕ ಸ್ಪೀಕರ್ ಜೋಡಿಸಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ.