ತಟಸ್ಥ ರಾಷ್ಟ್ರವೊಂದು ಯುದ್ಧಕ್ಕೆ ಸೇರಿದ ದಾರಿಯನ್ನು ಗುರುತಿಸುವುದು ಹೇಗೆ?

ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳನ್ನು ಮೊದಲ ಮಹಾಯುದ್ಧಕ್ಕೆ ಅಮೆರಿಕ ಏಕೆ ಸೇರಿತು ಎಂದು ಕೇಳಿದರೆ, ಹೆಚ್ಚಿನ ಉತ್ತರಗಳು ಲುಸಿಟೇನಿಯಾ ಹಡಗಿನಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. 1915ರ ಮೇ 7ರಂದು ಜರ್ಮನಿಯ ಜಲಾಂತರ್ಗಾಮಿಯು ಆ ಬ್ರಿಟಿಷ್ ಹಡಗನ್ನು ಮುಳುಗಿಸಿದಾಗ ಸುಮಾರು 1,200 ಮಂದಿ ಸತ್ತರು, ಅವರಲ್ಲಿ 128 ಮಂದಿ ಅಮೆರಿಕನ್ನರು ಎಂಬುದು ನಿಜ. ಆದರೆ ಅಮೆರಿಕ ಯುದ್ಧ ಘೋಷಿಸಿದ್ದು 1917ರ ಏಪ್ರಿಲ್ 6ರಂದು. ನಡುವಿನ 23 ತಿಂಗಳುಗಳಲ್ಲಿ ನಡೆದದ್ದನ್ನು ವಿವರಿಸದ ಉತ್ತರ ಉತ್ತರವೇ ಅಲ್ಲ. ಈ ವಿಷಯದ ಮೇಲೆ ಪ್ರಬಂಧ ಅಥವಾ ಯೋಜನಾ ವರದಿ ಬರೆಯುವವರು ಆ ಅವಧಿಯನ್ನು ಹಂತಹಂತವಾಗಿ ಬಿಡಿಸಿ ನೋಡುವ ಕ್ರಮವನ್ನು ಇಲ್ಲಿ ಹೇಳಿದ್ದೇನೆ.

ಮೊದಲು ದೇಶಗಳನ್ನು ವಿಂಗಡಿಸಿಕೊಳ್ಳಿ. ತಟಸ್ಥವಾಗಿದ್ದು ನಂತರ ಯುದ್ಧದಲ್ಲಿ ಕಾಣಿಸಿಕೊಂಡ ಎಲ್ಲ ದೇಶಗಳೂ ಒಂದೇ ದಾರಿಯಲ್ಲಿ ಬಂದವುಗಳಲ್ಲ. 1839ರ ಲಂಡನ್ ಒಪ್ಪಂದವು ಬೆಲ್ಜಿಯಂನ ತಟಸ್ಥತೆಗೆ ಖಾತ್ರಿ ನೀಡಿದ್ದರೂ 1914ರ ಆಗಸ್ಟ್ 4ರಂದು ಜರ್ಮನ್ ಸೇನೆ ಗಡಿ ದಾಟಿತು. ಅಲ್ಲಿ ಬೆಲ್ಜಿಯಂಗೆ ಆಯ್ಕೆಯೆಂಬುದು ಬಹಳ ಕಡಿಮೆಯಿತ್ತು. ಇಟಲಿ 1915ರ ಏಪ್ರಿಲ್‌ನಲ್ಲಿ ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ಭೂಭಾಗದ ಭರವಸೆ ಪಡೆದು, ಮೇ ತಿಂಗಳಲ್ಲಿ ತಾನಾಗಿ ಯುದ್ಧಕ್ಕಿಳಿಯಿತು. ದಾಳಿಗೆ ಒಳಗಾದದ್ದು, ಲಾಭ ನೋಡಿ ಸೇರಿದ್ದು, ದೂರ ಉಳಿಯಬೇಕೆಂದು ಬಯಸಿಯೂ ಒಳಗೆ ಸೆಳೆಯಲ್ಪಟ್ಟದ್ದು, ಈ ಮೂರೂ ಬೇರೆ ಬೇರೆ. ಅಮೆರಿಕ ಮೂರನೆಯ ಗುಂಪಿಗೆ ಸೇರುತ್ತದೆ. ಇಲ್ಲಿ ಹೇಳುವ ಕ್ರಮವೂ ಮುಖ್ಯವಾಗಿ ಆ ಗುಂಪಿಗೆ ಅನ್ವಯಿಸುತ್ತದೆ.

ನಮ್ಮ ಮೈಸೂರು ಸಂಸ್ಥಾನವನ್ನು ಈ ವಿಂಗಡಣೆಯಲ್ಲಿ ಎಲ್ಲಿಡಬೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ದಳದೊಂದಿಗೆ 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ಹೋರಾಡಿದ್ದು ನಾವೆಲ್ಲ ಹೆಮ್ಮೆಯಿಂದ ನೆನೆಯುವ ಸಂಗತಿ. ಆದರೂ ಮೈಸೂರನ್ನು ಈ ಪಟ್ಟಿಗೆ ಸೇರಿಸಬಾರದು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗಲೂ ವಿದೇಶಾಂಗ ವ್ಯವಹಾರ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ತಟಸ್ಥವಾಗಿರುವ ಹಕ್ಕೇ ಇಲ್ಲದ ರಾಜ್ಯವು ತಟಸ್ಥತೆಯನ್ನು ಕಳೆದುಕೊಂಡಿತು ಎನ್ನಲಾಗದು.

ಮುಂದಿನ ಕೆಲಸ, ಒಂದು ದೊಡ್ಡ ಹಾಳೆಯಲ್ಲಿ ಕಾಲಾನುಕ್ರಮಣಿಕೆಯನ್ನು ಬರೆದು, ಪ್ರತಿ ದಿನಾಂಕದ ಎದುರು ಮೂರು ಅಂಕಣಗಳನ್ನು ಮಾಡುವುದು: ವ್ಯಾಪಾರ, ಸಾಲ, ಅಧಿಕೃತ ಮಾತು. ವ್ಯಾಪಾರದ ಅಂಕಣವನ್ನು ತುಂಬುವ ಮೊದಲು 1907ರ ಹೇಗ್ ಒಪ್ಪಂದಗಳ ಒಂದು ಅಂಶವನ್ನು ಗಮನಿಸಬೇಕು. ತಟಸ್ಥ ಸರ್ಕಾರವು ಯುದ್ಧನಿರತರಿಗೆ ಶಸ್ತ್ರ ಒದಗಿಸುವಂತಿಲ್ಲ, ಆದರೆ ತನ್ನ ಖಾಸಗಿ ವ್ಯಾಪಾರಿಗಳು ಮಾರುವುದನ್ನು ತಡೆಯಲೇಬೇಕೆಂಬ ಕಟ್ಟುಪಾಡಿಲ್ಲ. ಆದ್ದರಿಂದ ಅಮೆರಿಕದ ಮಾರಾಟ ಕಾನೂನಿನ ಒಳಗೇ ಇತ್ತು. ಕಾನೂನು ಎರಡೂ ಕಡೆಗೆ ಸಮವಾಗಿದ್ದರೂ ಸಮುದ್ರ ಸಮವಾಗಿರಲಿಲ್ಲ. ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದಾಗಿ ಜರ್ಮನಿಯೊಂದಿಗಿನ ನೇರ ವ್ಯಾಪಾರ 1916ರ ವೇಳೆಗೆ ಬಹುತೇಕ ನಿಂತುಹೋಯಿತು. ಬ್ರಿಟನ್, ಫ್ರಾನ್ಸ್ ಮೊದಲಾದ ದೇಶಗಳ ಮಿತ್ರಕೂಟಕ್ಕೆ ಹೋಗುತ್ತಿದ್ದ ಸರಕು 1914ರಲ್ಲಿ ಸುಮಾರು 82 ಕೋಟಿ ಡಾಲರ್ ಮೌಲ್ಯದ್ದಾಗಿದ್ದುದು 1916ರಲ್ಲಿ ಸುಮಾರು 320 ಕೋಟಿಗೆ ಏರಿತು.

ಸಾಲದ ಅಂಕಣ ಇದಕ್ಕಿಂತ ಮುಖ್ಯವಾದದ್ದು. 1914ರ ಆಗಸ್ಟ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರು ಯುದ್ಧನಿರತ ದೇಶಗಳಿಗೆ ಸಾಲ ಕೊಡುವುದು ತಟಸ್ಥತೆಯ ಆಶಯಕ್ಕೆ ವಿರುದ್ಧವೆಂದು ನಿಲುವು ತಳೆದಿದ್ದರು. ಕೆಲವೇ ತಿಂಗಳುಗಳಲ್ಲಿ ಅದು ಸಡಿಲಗೊಂಡಿತು. 1915ರ ಅಕ್ಟೋಬರ್ ವೇಳೆಗೆ ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗಾಗಿ 50 ಕೋಟಿ ಡಾಲರುಗಳ ಸಾಲವನ್ನು ನ್ಯೂಯಾರ್ಕಿನಲ್ಲಿ ಎತ್ತಲಾಯಿತು. 1917ರ ಏಪ್ರಿಲ್ ವೇಳೆಗೆ ಮಿತ್ರಕೂಟಕ್ಕೆ ಸುಮಾರು 230 ಕೋಟಿ ಡಾಲರ್, ಜರ್ಮನಿಗೆ ಸುಮಾರು 2.7 ಕೋಟಿ ಡಾಲರ್ ಸಾಲ ಹೋಗಿತ್ತು. ಕಬ್ಬು ಸಾಗಿಸಿ ಬಾಕಿ ಹಣಕ್ಕಾಗಿ ಕಾಯುತ್ತಿರುವ ಮಂಡ್ಯದ ರೈತನಿಗೆ ಆ ಕಾರ್ಖಾನೆ ಉಳಿಯುವುದೋ ಮುಚ್ಚುವುದೋ ಎಂಬುದು ಹೇಗೆ ಪರರ ವಿಷಯವಾಗಿ ಉಳಿಯುವುದಿಲ್ಲವೋ, ಹಾಗೆಯೇ ಅಮೆರಿಕಕ್ಕೆ ಬ್ರಿಟನ್ನಿನ ಸೋಲು ಗೆಲುವು ಪರರ ವಿಷಯವಾಗಿ ಉಳಿಯಲಿಲ್ಲ.

ಆದರೆ ಇಲ್ಲಿಯೇ ನಿಂತು, ಬ್ಯಾಂಕುಗಳು ದೇಶವನ್ನು ಯುದ್ಧಕ್ಕೆ ತಳ್ಳಿದವು ಎಂದು ಬರೆಯಬೇಡಿ. 1916ರ ನವೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮಂಡಳಿಯೇ ವಿದೇಶಿ ಸರ್ಕಾರಗಳ ಆಧಾರವಿಲ್ಲದ ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಹೂಡದಂತೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಯುದ್ಧಕ್ಕೆ ಆರು ತಿಂಗಳೂ ಇಲ್ಲದಿದ್ದಾಗ ಸಾಲದ ಬಾಗಿಲನ್ನು ಕಿರಿದಾಗಿಸಿದ ಈ ಸಂಗತಿಯನ್ನು ಬಿಟ್ಟು ಬರೆದ ಪ್ರಬಂಧವನ್ನು ನಾನು ಒಪ್ಪುವುದಿಲ್ಲ. ಹಣ ಒಲವನ್ನು ವಿವರಿಸುತ್ತದೆ, ದಿನಾಂಕವನ್ನು ವಿವರಿಸುವುದಿಲ್ಲ.

ದಿನಾಂಕವನ್ನು ವಿವರಿಸುವುದು ಮೂರನೆಯ ಅಂಕಣ. ಹೆಚ್ಚು ಸಮಯವನ್ನು ಇದಕ್ಕೇ ಕೊಡಿ. ಅಮೆರಿಕದ ವಿದೇಶಾಂಗ ಇಲಾಖೆ ಈ ಕಾಲದ ಪತ್ರವ್ಯವಹಾರವನ್ನು ಸಂಪುಟಗಳಾಗಿ ಪ್ರಕಟಿಸಿದೆ. ಅವು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪ್ರತಿ ಪತ್ರದಲ್ಲಿಯೂ ಒಂದೇ ವಾಕ್ಯವನ್ನು ಹುಡುಕಿ: "ಇಂಥದ್ದು ನಡೆದರೆ ನಾವು ಇಂಥದ್ದನ್ನು ಮಾಡುತ್ತೇವೆ" ಎಂಬ ಅರ್ಥದ ವಾಕ್ಯ. 1915ರ ಫೆಬ್ರವರಿ 10ರ ಪತ್ರದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಸರ್ಕಾರವು ಜಲಾಂತರ್ಗಾಮಿಗಳಿಂದಾಗುವ ಹಾನಿಗೆ ಜರ್ಮನಿಯನ್ನು ಕಟ್ಟುನಿಟ್ಟಾಗಿ ಹೊಣೆಗಾರನನ್ನಾಗಿ ಮಾಡುವುದಾಗಿ ತಿಳಿಸಿತು. ದಿಗ್ಬಂಧನದ ವಿರುದ್ಧ ಬ್ರಿಟನ್ನಿಗೂ ಪ್ರತಿಭಟನಾ ಪತ್ರಗಳು ಹೋದವು, ಆದರೆ ಅವುಗಳಲ್ಲಿ ಇಂಥ ಎಚ್ಚರಿಕೆ ಕಾಣುವುದಿಲ್ಲ. ಈ ವ್ಯತ್ಯಾಸವನ್ನು ಕಂಡೇ, ಲುಸಿಟೇನಿಯಾ ಕುರಿತ ಎರಡನೆಯ ಪತ್ರಕ್ಕೆ ಸಹಿ ಹಾಕಲೊಲ್ಲದೆ ಬ್ರಯಾನ್ 1915ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಕೀಲು ಸಸೆಕ್ಸ್ ಪ್ರಕರಣ. 1916ರ ಮಾರ್ಚ್ 24ರಂದು ಇಂಗ್ಲಿಷ್ ಕಾಲುವೆಯಲ್ಲಿ ಸಸೆಕ್ಸ್ ಎಂಬ ಫ್ರೆಂಚ್ ಪ್ರಯಾಣಿಕ ಹಡಗಿನ ಮೇಲೆ ದಾಳಿಯಾದಾಗ, ಈ ರೀತಿಯ ಯುದ್ಧ ನಿಲ್ಲದಿದ್ದರೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಳ್ಳುವುದಾಗಿ ವಿಲ್ಸನ್ ಏಪ್ರಿಲ್‌ನಲ್ಲಿ ಜರ್ಮನಿಗೆ ತಿಳಿಸಿದರು. ಮೇ 4ರಂದು ಜರ್ಮನಿ ಒಪ್ಪಿತು. ಆದರೆ ಬ್ರಿಟನ್ ಕೂಡ ಅಂತರರಾಷ್ಟ್ರೀಯ ಕಾನೂನನ್ನು ಪಾಲಿಸುವಂತೆ ಅಮೆರಿಕ ಮಾಡಬೇಕೆಂದು ಷರತ್ತು ಹಾಕಿತು. ವಿಲ್ಸನ್ ಒಪ್ಪಿಗೆಯನ್ನು ಸ್ವೀಕರಿಸಿ ಷರತ್ತನ್ನು ತಳ್ಳಿಹಾಕಿದರು. ಆ ವರ್ಷದ ಚುನಾವಣೆಯಲ್ಲಿ ದೇಶವನ್ನು ಯುದ್ಧದಿಂದ ಹೊರಗಿಟ್ಟವರೆಂಬ ಹೆಸರಿನಿಂದ ಅವರು ಗೆದ್ದರು, ಆದರೆ ಯುದ್ಧವೋ ಶಾಂತಿಯೋ ಎಂಬ ತೀರ್ಮಾನವು ಅದಾಗಲೇ ಬಹುಮಟ್ಟಿಗೆ ಬರ್ಲಿನ್ನಿನ ಕೈಗೆ ಹೋಗಿತ್ತು. ಒಮ್ಮೆ ಬಹಿರಂಗವಾಗಿ ಎಳೆದ ಗೆರೆಯನ್ನು ಎದುರಾಳಿ ದಾಟಿದಾಗ ಹಿಂದೆ ಸರಿಯುವುದು ಯಾವ ದೊಡ್ಡ ರಾಷ್ಟ್ರಕ್ಕೂ ಕಷ್ಟ.

ಹಾಗಾಗಿ ನಾಲ್ಕನೆಯದಾಗಿ ಎದುರಾಳಿಯ ಲೆಕ್ಕಾಚಾರವನ್ನೂ ಬರೆದುಕೊಳ್ಳಬೇಕು. ತಿಂಗಳಿಗೆ 6 ಲಕ್ಷ ಟನ್ ಹಡಗುಗಳನ್ನು ಮುಳುಗಿಸಿದರೆ ಐದು ತಿಂಗಳಲ್ಲಿ ಬ್ರಿಟನ್ ಸಂಧಿಗೆ ಬರುತ್ತದೆಂದು ಜರ್ಮನ್ ನೌಕಾಪಡೆಯ ಮುಖ್ಯಸ್ಥ ಹೋಲ್ಟ್‌ಸೆನ್‌ಡಾರ್ಫ್ 1916ರ ಡಿಸೆಂಬರ್‌ನಲ್ಲಿ ವಾದಿಸಿದರು. ಅಮೆರಿಕ ಯುದ್ಧಕ್ಕೆ ಬರಬಹುದೆಂಬುದು ಗೊತ್ತಿದ್ದರೂ, ಅದರ ಸೇನೆ ಯೂರೋಪು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆಂದು ನಂಬಿ 1917ರ ಜನವರಿ 9ರಂದು ತೀರ್ಮಾನ ಕೈಗೊಳ್ಳಲಾಯಿತು. ಫೆಬ್ರವರಿ 1ರಿಂದ ನಿರ್ಬಂಧವಿಲ್ಲದ ಜಲಾಂತರ್ಗಾಮಿ ದಾಳಿ ಮೊದಲಾಯಿತು. ಫೆಬ್ರವರಿ 3ರಂದು ಅಮೆರಿಕ ಸಂಬಂಧ ಕಡಿದುಕೊಂಡಿತು. ಅಮೆರಿಕದ ವಿರುದ್ಧ ಮೆಕ್ಸಿಕೋದೊಂದಿಗೆ ಮೈತ್ರಿ ಬಯಸಿದ, ಜರ್ಮನ್ ವಿದೇಶಾಂಗ ಸಚಿವ ಝಿಮ್ಮರ್‌ಮನ್ ಅವರ ತಂತಿ (ಟೆಲಿಗ್ರಾಂ) ಪತ್ರಿಕೆಗಳಲ್ಲಿ ಬಂದದ್ದು ಮಾರ್ಚ್ 1ರಂದು. ದಿನಾಂಕಗಳನ್ನು ಸಾಲಾಗಿ ಬರೆದಾಗ, ಆ ತಂತಿ ಜನಾಭಿಪ್ರಾಯವನ್ನು ಕೆರಳಿಸಿತೇ ಹೊರತು ದಾರಿಯನ್ನು ಹೊಸದಾಗಿ ತೆರೆಯಲಿಲ್ಲ ಎಂಬುದು ತಾನಾಗಿಯೇ ಕಾಣುತ್ತದೆ. ಮಾರ್ಚ್ ಮಧ್ಯದಲ್ಲಿ ಅಮೆರಿಕದ ಮೂರು ಹಡಗುಗಳು ಮುಳುಗಿದವು, ಏಪ್ರಿಲ್ 2ರಂದು ವಿಲ್ಸನ್ ಯುದ್ಧ ಘೋಷಣೆಯನ್ನು ಕೋರಿದರು. ಸೆನೆಟ್‌ನಲ್ಲಿ 82 ಮತಗಳು ಪರವಾಗಿ, 6 ವಿರುದ್ಧವಾಗಿ ಬಿದ್ದವು. ಪ್ರತಿನಿಧಿ ಸಭೆಯಲ್ಲಿ 373 ಮತ್ತು 50. ವಿರೋಧಿಸಿದವರಲ್ಲಿ ಆ ಸಭೆಯ ಮೊದಲ ಮಹಿಳಾ ಸದಸ್ಯೆ ಜೆನೆಟ್ ರ‍್ಯಾಂಕಿನ್ ಕೂಡ ಇದ್ದರು.

ನಿಮ್ಮ ವಿವರಣೆ ಸಿದ್ಧವಾದ ಮೇಲೆ ಅದನ್ನು ನಾರ್ವೆಯ ಮೇಲೆ ಪರೀಕ್ಷಿಸಿ. ಆ ಯುದ್ಧದಲ್ಲಿ ನಾರ್ವೆ ತನ್ನ ವಾಣಿಜ್ಯ ಹಡಗುಗಳ ಅರ್ಧದಷ್ಟನ್ನು ಮತ್ತು ಸುಮಾರು 2,000 ನಾವಿಕರನ್ನು ಕಳೆದುಕೊಂಡಿತು. ಅದರ ವ್ಯಾಪಾರವೂ ಬ್ರಿಟನ್ನಿನ ಕಡೆಗೇ ವಾಲಿತ್ತು. ಆದರೂ ಅದು ಕೊನೆಯವರೆಗೆ ತಟಸ್ಥವಾಗಿಯೇ ಉಳಿಯಿತು. ಹಡಗುಗಳ ನಷ್ಟವೇ ಕಾರಣವೆಂದು ನೀವು ಬರೆದಿದ್ದರೆ ಈ ಪರೀಕ್ಷೆಯಲ್ಲಿ ನಿಮ್ಮ ವಾದ ನಿಲ್ಲುವುದಿಲ್ಲ. ನಷ್ಟದ ಜೊತೆಗೆ ಬಹಿರಂಗವಾಗಿ ಹಾಕಿದ ಗೆರೆ ಮತ್ತು ಅದನ್ನು ಕಾಯುವ ಬಲ ಎರಡನ್ನೂ ಪರಿಗಣಿಸಿದ್ದರೆ ನಿಲ್ಲುತ್ತದೆ.

ಇನ್ನೂ ಮುಂದೆ ಹೋಗಬಯಸುವವರು ಅದೇ ಮೂರು ಅಂಕಣಗಳನ್ನು 1935ರಿಂದ 1941ರವರೆಗೆ ತುಂಬಬಹುದು. 1935ರಿಂದ 1937ರವರೆಗಿನ ತಟಸ್ಥತಾ ಕಾಯಿದೆಗಳು ಶಸ್ತ್ರ ಮಾರಾಟವನ್ನೂ ಸಾಲವನ್ನೂ ಯುದ್ಧನಿರತರ ಹಡಗುಗಳಲ್ಲಿ ಅಮೆರಿಕನ್ನರ ಪ್ರಯಾಣವನ್ನೂ ತಡೆದವು, ಅಂದರೆ 1917ರ ದಾರಿಯನ್ನೇ ಮುಚ್ಚಲು ಯತ್ನಿಸಿದವು. ಆ ತಡೆಗಳು 1939ರ ನವೆಂಬರ್‌ನಲ್ಲಿ ನಗದು ಕೊಟ್ಟು ಸರಕು ಒಯ್ಯುವ ನಿಯಮದೊಂದಿಗೆ, 1940ರ ಸೆಪ್ಟೆಂಬರ್‌ನಲ್ಲಿ ನೌಕಾನೆಲೆಗಳಿಗೆ ಪ್ರತಿಯಾಗಿ ಡೆಸ್ಟ್ರಾಯರ್ ಹಡಗುಗಳನ್ನು ಕೊಟ್ಟಾಗ, 1941ರ ಮಾರ್ಚ್‌ನಲ್ಲಿ ಮಿತ್ರದೇಶಗಳಿಗೆ ಯುದ್ಧಸಾಮಗ್ರಿಯನ್ನು ಎರವಲಾಗಿ ಕೊಡುವ ಲೆಂಡ್ ಲೀಸ್ ಕಾಯಿದೆಯೊಂದಿಗೆ ಯಾವ ಕ್ರಮದಲ್ಲಿ ಸಡಿಲಗೊಂಡವು ಎಂಬುದನ್ನು ಗುರುತಿಸಿ, ಪರ್ಲ್ ಹಾರ್ಬರ್ ದಾಳಿಗೆ ಮೊದಲೇ ಅಟ್ಲಾಂಟಿಕ್‌ನಲ್ಲಿ ಅಮೆರಿಕದ ನೌಕಾಪಡೆ ಎಷ್ಟು ದೂರ ಹೋಗಿತ್ತೆಂಬುದನ್ನು ಪ್ರತ್ಯೇಕ ಟಿಪ್ಪಣಿಯಾಗಿ ಬರೆಯಿರಿ.