ಮಾಡೆಲರ್ ಇದೆ, ಕ್ಯಾಬಿನೆಟ್ ಇದೆ: ನಡುವೆ ಟ್ಯೂಬ್ ಇಡೋದಾ, ಸಾಲಿಡ್ ಸ್ಟೇಟಾ?

ಹೆಡ್‌ಫೋನ್ ಹಾಕಿಕೊಂಡು ಮಾಡೆಲರ್, ಅಂದರೆ ಗಿಟಾರ್ ಆಂಪ್‌ಗಳ ದನಿಯನ್ನು ಡಿಜಿಟಲ್ ಆಗಿ ನಕಲು ಮಾಡುವ ಯಂತ್ರ, ನುಡಿಸಿ ಖುಷಿಪಟ್ಟವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಮೂಲೆಯಲ್ಲಿ ಹನ್ನೆರಡು ಇಂಚಿನ ಸ್ಪೀಕರ್ ಇರುವ ಗಿಟಾರ್ ಕ್ಯಾಬಿನೆಟ್ ಸುಮ್ನೆ ಕೂತಿದೆ. ಅದರಿಂದ ಗಾಳಿ ಬಂದು ಪ್ಯಾಂಟಿನ ಕಾಲಿಗೆ ಬಡಿಯಬೇಕು ಅಂತ ಆಸೆ. ಆದರೆ ಮಾಡೆಲರಿನಿಂದ ಹೊರಡುವುದು ಸಣ್ಣ ಲೈನ್ ಸಿಗ್ನಲ್, ಸ್ಪೀಕರಿನ ಕೋನ್ ತಳ್ಳುವ ತಾಕತ್ತು ಅದಕ್ಕಿಲ್ಲ. ನಡುವೆ ಆ ಸಿಗ್ನಲ್ಲನ್ನು ದೊಡ್ಡದು ಮಾಡುವ ಒಂದು ಪವರ್ ಆಂಪ್ ಬೇಕೇ ಬೇಕು. ಗಾಜಿನ ಟ್ಯೂಬಿನದೋ, ಟ್ರಾನ್ಸಿಸ್ಟರ್ ಬಳಸುವ ಸಾಲಿಡ್ ಸ್ಟೇಟೋ ಎನ್ನುವ ಜಗಳ ಅಲ್ಲಿಂದ ಶುರು.

ಟ್ಯೂಬ್ ಅಂದರೆ ಬೆಚ್ಚಗೆ, ಸಾಲಿಡ್ ಸ್ಟೇಟ್ ಅಂದರೆ ಒಣ ಅಂತ ಜನ ಹೇಳಿಬಿಡುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದನ್ನೇ ನಂಬಿ ಹಣ ಹಾಕಿದರೆ ಕೈ ಸುಟ್ಟುಕೊಳ್ಳುತ್ತೀರಿ. ಮಾಡೆಲರಿನ ಒಳಗೆ ಈಗಾಗಲೇ ಒಂದು ಪವರ್ ಆಂಪಿನ ನಕಲು ಓಡುತ್ತಿರುತ್ತದೆ. ಹೊರಗೆ ಇನ್ನೊಂದು ನಿಜವಾದದ್ದು ಬಂದು ಕೂತಾಗ ಬಣ್ಣ ಯಾರು ಹಚ್ಚಬೇಕು ಅನ್ನುವುದನ್ನು ನೀವು ಮೊದಲೇ ತೀರ್ಮಾನ ಮಾಡಬೇಕು. ಇಬ್ಬರೂ ಹಚ್ಚಿದರೆ ರಾಡಿ, ಯಾರೂ ಹಚ್ಚದಿದ್ದರೆ ಸಪ್ಪೆ.

ಮೊದಲು: ತಂತಿಯ ಕೊನೆಯಲ್ಲಿ ಏನಿದೆ?

ಫುಲ್ ರೇಂಜ್ ಸ್ಪೀಕರ್, ಅಂದರೆ ಟ್ವೀಟರ್ ಇರುವ, ಎಲ್ಲವನ್ನೂ ಇದ್ದ ಹಾಗೇ ಕೇಳಿಸುವ ಪೆಟ್ಟಿಗೆ ನಿಮ್ಮದಾಗಿದ್ದರೆ ಚರ್ಚೆಯೇ ಬೇಡ. ಅದರಲ್ಲೇ ಆಂಪ್ ಇದ್ದರೆ ಏನೂ ಕೊಳ್ಳಬೇಡಿ, ಇಲ್ಲದಿದ್ದರೆ ಸಾಲಿಡ್ ಸ್ಟೇಟ್ ತಗೊಳ್ಳಿ. ಕೆಂಪರ್‌ನಂಥ ಕೆಲವು ಮಾಡೆಲರ್‌ಗಳ ಒಂದು ಮಾದರಿಯಲ್ಲಿ 600 ವ್ಯಾಟಿನ ಕ್ಲಾಸ್ ಡಿ (ಹಗುರವಾದ ಸಾಲಿಡ್ ಸ್ಟೇಟ್) ಆಂಪ್ ಒಳಗೇ ಬರುತ್ತದೆ. ಅಂಥದ್ದಿದ್ದರೂ ಕೆಲಸ ಮುಗಿದ ಹಾಗೆ. ಮುಂದೆ ಬರೆಯುವುದೆಲ್ಲ ನಿಜವಾದ ಗಿಟಾರ್ ಕ್ಯಾಬಿನೆಟ್ ಇಟ್ಟುಕೊಂಡವರಿಗೆ.

ಎರಡನೆಯದು: ಕ್ಯಾಬ್ ನಕಲು ಆಫ್ ಮಾಡಿ

ನಾನು ಮೊದಲ ಸಲ ಮಾಡೆಲರನ್ನು ಕ್ಯಾಬಿನೆಟ್ಟಿಗೆ ಹಾಕಿ ರಿಹರ್ಸಲ್‌ನಲ್ಲಿ ನುಡಿಸಿದಾಗ, ಸ್ಪೀಕರಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಕೇಳಿಸಿತು. ಟ್ರೆಬಲ್ ತಿರುಗಿಸಿದೆ, ಪ್ರೆಸೆನ್ಸ್ ತಿರುಗಿಸಿದೆ, ಕೊನೆಗೆ ಪವರ್ ಆಂಪೇ ಸರಿಯಿಲ್ಲ ಅಂತ ಬೈದುಕೊಂಡು ಮನೆಗೆ ಬಂದೆ. ತಪ್ಪು ನನ್ನದೇ. ಐಆರ್, ಅಂದರೆ ಮಾಡೆಲರಿನೊಳಗಿನ ಕ್ಯಾಬಿನೆಟ್ ನಕಲು, ಆನ್ ಇತ್ತು! ಮೈಕ್ ಇಟ್ಟು ರೆಕಾರ್ಡ್ ಮಾಡಿದ ಸ್ಪೀಕರಿನ ದನಿಯನ್ನು ಇನ್ನೊಂದು ಸ್ಪೀಕರಿನಲ್ಲಿ ಕೇಳುತ್ತಿದ್ದೆ. ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಜ್ ದಾಟಿದ ಮೇಲೆ ಹೇಗೂ ಕೈ ಬಿಡುತ್ತದೆ, ಅದನ್ನೇ ಎರಡು ಸಲ ಮಾಡಿಸಿದರೆ ಕಂಬಳಿ ಅಲ್ಲದೆ ಇನ್ನೇನು ಸಿಗುತ್ತದೆ.

ಹಾಗಾಗಿ ಕ್ಯಾಬಿನೆಟ್ಟಿಗೆ ಹೋಗುವ ದಾರಿಯಲ್ಲಿ ಕ್ಯಾಬ್ ಬ್ಲಾಕ್ ಇರಬಾರದು. ಪಿಎಗೂ (ಸಭಿಕರ ಕಡೆಗಿನ ಸ್ಪೀಕರ್ ವ್ಯವಸ್ಥೆಗೂ) ಸಿಗ್ನಲ್ ಕಳಿಸುವುದಾದರೆ ಆ ದಾರಿಯಲ್ಲಿ ಮಾತ್ರ ಇಟ್ಟುಕೊಳ್ಳಿ. ಎರಡು ಔಟ್‌ಪುಟ್ ಇರುವ ಮಾಡೆಲರ್‌ಗಳಲ್ಲಿ ಸಾಮಾನ್ಯವಾಗಿ ದಾರಿಯನ್ನು ಎರಡಾಗಿ ಒಡೆಯಬಹುದು. ಟ್ಯೂಬ್ ಕೆಟ್ಟದ್ದು, ಸಾಲಿಡ್ ಸ್ಟೇಟ್ ಕೆಟ್ಟದ್ದು ಅಂತ ಯಾರಾದರೂ ಗೊಣಗಿದರೆ ನಾನು ಮೊದಲು ಕೇಳುವುದು ಇದನ್ನೇ: ಐಆರ್ ಆಫ್ ಮಾಡಿದ್ದೀರಾ?

ಮೂರನೆಯದು: ವ್ಯತ್ಯಾಸ ಎಲ್ಲಿದೆ ಅಂತ ಕಿವಿಯಲ್ಲೇ ಕೇಳಿ

ಸ್ಪೀಕರಿನ ಹಿಂದೆ 8 ಓಮ್ (ಕರೆಂಟಿಗೆ ಅದು ಒಡ್ಡುವ ತಡೆ) ಅಂತ ಬರೆದಿರುತ್ತದೆ. ಅದು ಹೆಸರಿಗಷ್ಟೇ. ಕೆಲವು ನೂರು ಹರ್ಟ್ಜ್‌ಗಳ ಆಸುಪಾಸಿನಲ್ಲಿ ಮಾತ್ರ ಅದು 8ರ ಹತ್ತಿರ ಇರುತ್ತದೆ. ಕೆಳಗೆ, ಸ್ಪೀಕರ್ ತಾನಾಗೇ ಅನುರಣಿಸುವ ಜಾಗದಲ್ಲಿ, ಅದೇ ಸ್ಪೀಕರ್ ಹತ್ತಾರು ಓಮ್‌ಗೆ ಏರಿಬಿಡುತ್ತದೆ. ಮೇಲೆ ಟ್ರೆಬಲ್ ಕಡೆಗೂ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರಿಗೆ ಕಂಪನಿಯೇ ಕೊಟ್ಟಿರುವ ಅನುರಣನದ ಅಂಕಿ 75 ಹರ್ಟ್ಜ್. ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರೆ ಅದು ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಗಿಟಾರಿನ ದಪ್ಪ ಇ ತಂತಿ ಖಾಲಿ ಮೀಟಿದರೆ 82 ಹರ್ಟ್ಜ್. ಅಂದರೆ ನೀವು ಅಂಗೈ ಒತ್ತಿ ಇ ತಂತಿಯ ಮೇಲೆ ಚಗ್ ಚಗ್ ಅಂತ ಬಾರಿಸುವ ಜಾಗವೂ ಸ್ಪೀಕರ್ ಅತಿ ಹೆಚ್ಚು ಹಟ ಮಾಡುವ ಜಾಗವೂ ಹೆಚ್ಚುಕಮ್ಮಿ ಒಂದೇ.

ಈ ಹಟದ ಎದುರು ಎರಡು ಆಂಪ್‌ಗಳು ಎರಡು ಥರ ನಡೆದುಕೊಳ್ಳುತ್ತವೆ. ಸಾಲಿಡ್ ಸ್ಟೇಟ್ ಆಂಪ್ ಸ್ಪೀಕರ್ ಎಷ್ಟೇ ಓಮ್ ತೋರಿಸಲಿ, ತನಗೆ ಹೇಳಿದಷ್ಟೇ ವೋಲ್ಟೇಜ್ ಕೊಡುತ್ತದೆ. ಕೋನ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಟ್ಯೂಬ್ ಆಂಪಿನ ಹಿಡಿತ ಸಡಿಲ, ಓಮ್ ಏರಿದ ಕಡೆ ಅದರ ವೋಲ್ಟೇಜೂ ಏರುತ್ತದೆ. ಅದಕ್ಕೇ ಕೆಳಗೆ ಒಂದು ಉಬ್ಬು, ಮೇಲೆ ಒಂದು ಹೊಳಪು. ಬೆಚ್ಚಗೆ, ಜೀವಂತ, ಬೆರಳಿಗೆ ಸ್ಪಂದಿಸುತ್ತೆ ಅಂತೆಲ್ಲ ಹೊಗಳುವುದರಲ್ಲಿ ದೊಡ್ಡ ಪಾಲು ಇದರದ್ದೇ. ಪೂರ್ತಿ ತಿರುಗಿಸಿದಾಗ ಟ್ಯೂಬು ಮೆತ್ತಗೆ ಒಡೆಯುವುದು, ವೋಲ್ಟೇಜ್ ಸ್ವಲ್ಪ ಕುಸಿದು ಮತ್ತೆ ಎದ್ದೇಳುವುದು ಇವೆಲ್ಲ ಆಮೇಲಿನ ಮಾತು. ನಿಜ ಹೇಳಬೇಕೆಂದರೆ ಮಾಡೆಲರ್ ಇಟ್ಟುಕೊಂಡವರಲ್ಲಿ ಪವರ್ ಟ್ಯೂಬ್ ಒಡೆಯುವಷ್ಟು ಜೋರಾಗಿ ನುಡಿಸುವವರು ಕಮ್ಮಿ.

ಮಾಡೆಲರಿನ ಪವರ್ ಆಂಪ್ ನಕಲು ಈ ಉಬ್ಬನ್ನೂ ಹೊಳಪನ್ನೂ ಲೆಕ್ಕ ಹಾಕಿಯೇ ಹೊರಗೆ ಕಳಿಸುತ್ತದೆ. ಸಾಲಿಡ್ ಸ್ಟೇಟ್ ಆಂಪ್ ಅದನ್ನು ಹಾಗೇ ದೊಡ್ಡದು ಮಾಡಿ ಕೊಡುತ್ತದೆ. ಟ್ಯೂಬ್ ಆಂಪ್ ಅದರ ಮೇಲೆ ತನ್ನದೂ ಒಂದು ಉಬ್ಬು ಸೇರಿಸುತ್ತದೆ. ದಪ್ಪ ತಂತಿ ಗುಡುಗುಡು, ತೆಳು ತಂತಿ ಕಿವಿಗೆ ಚುಚ್ಚುತ್ತದೆ. ಟ್ಯೂಬ್ ಕೊಂಡು ಬೇಜಾರಾದವರ ಗೋಳು ಬಹಳ ಸಲ ಇದೇ.

ನಾಲ್ಕನೆಯದು: ಒಂದೇ ಕಡೆ ಬಣ್ಣ

ಟ್ಯೂಬ್ ಆಂಪ್ ಇಟ್ಟುಕೊಂಡರೆ ಮಾಡೆಲರಿನ ಪವರ್ ಆಂಪ್ ನಕಲು ತೆಗೆಯಿರಿ. ಲೈನ್ 6 ಹೀಲಿಕ್ಸ್ ಮಾಡೆಲರಿನಲ್ಲಿ ಇದಕ್ಕಾಗಿ ಬರೀ ಪ್ರಿಆಂಪ್ (ಪವರ್ ಆಂಪಿಗಿಂತ ಮೊದಲಿನ ಹಂತ) ಮಾಡೆಲ್‌ಗಳು ಬೇರೆಯೇ ಇವೆ. ಫ್ರ್ಯಾಕ್ಟಲ್ ಕಂಪನಿಯ ಮಾಡೆಲರಿನಲ್ಲಿ ಪವರ್ ಆಂಪ್ ನಕಲನ್ನು ಎಲ್ಲ ಪ್ರೀಸೆಟ್‌ಗಳಿಗೂ (ಉಳಿಸಿಟ್ಟ ದನಿಗಳಿಗೂ) ಒಟ್ಟಿಗೆ ಆಫ್ ಮಾಡುವ ಸೆಟ್ಟಿಂಗ್ ಇದೆ. ಕೆಲವರು ಹಾಗೇ ಬಿಟ್ಟು, ಪ್ರೆಸೆನ್ಸ್ (ಮೇಲಿನ ಹೊಳಪು) ಮತ್ತು ಡೆಪ್ತ್ (ಕೆಳಗಿನ ಉಬ್ಬು) ಇಳಿಸಿಕೊಂಡು ನುಡಿಸುತ್ತಾರೆ. ಕಿವಿಗೆ ಸರಿ ಅನಿಸಿದರೆ ಅದೂ ಸರಿಯೇ.

ಒಂದು ತೊಡಕಿದೆ. ನಿಮ್ಮ ದನಿ ಪ್ರೊಫೈಲ್ ಅಥವಾ ಕ್ಯಾಪ್ಚರ್ ಆಗಿದ್ದರೆ, ಅಂದರೆ ಯಾರೋ ಇಡೀ ಹೆಡ್ (ಪ್ರಿಆಂಪ್, ಪವರ್ ಆಂಪ್ ಎರಡೂ ಇರುವ ಆಂಪ್) ಅನ್ನೇ ಅಳೆದು ಹಿಡಿದದ್ದಾಗಿದ್ದರೆ, ಪವರ್ ಆಂಪಿನ ಬಣ್ಣ ಅದರೊಳಗೆ ಆಗಲೇ ಬೆರೆತುಹೋಗಿರುತ್ತದೆ. ಅದನ್ನು ಬಿಡಿಸಿ ತೆಗೆಯಲು ಆಗುವುದಿಲ್ಲ. ಕ್ಯಾಪ್ಚರ್ ಮೇಲೇ ಬದುಕುವವರಿಗೆ ನಾನು ಕಣ್ಣು ಮುಚ್ಚಿ ಸಾಲಿಡ್ ಸ್ಟೇಟ್ ಅನ್ನುತ್ತೇನೆ.

ಸಾಲಿಡ್ ಸ್ಟೇಟ್ ಇಟ್ಟುಕೊಂಡರೆ ಪವರ್ ಆಂಪ್ ನಕಲು ಆನ್ ಇರಲಿ. ಇಲ್ಲೊಂದು ಸಣ್ಣ ಕೆಲಸ ಮಾಡಿದರೆ ದನಿ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಮಾಡೆಲರ್ ಊಹಿಸಿಕೊಂಡ ಉಬ್ಬು ಯಾವುದೋ ನಾಲ್ಕು ಸ್ಪೀಕರಿನ ದೊಡ್ಡ ಪೆಟ್ಟಿಗೆಯದು, ನಿಮ್ಮದು ಒಂದೇ ಸ್ಪೀಕರಿನ ಚಿಕ್ಕ ಪೆಟ್ಟಿಗೆ ಇರಬಹುದು. ಅನುರಣನದ ಜಾಗ ಬದಲಾಯಿಸುವ ಗುಂಡಿ ಇದ್ದರೆ ಹೀಗೆ ಮಾಡಿ: ಉಬ್ಬಿನ ಪ್ರಮಾಣವನ್ನು ಬೇಕೆಂದೇ ಜಾಸ್ತಿ ಮಾಡಿ. ಇ ತಂತಿಯನ್ನು ಅಂಗೈಯಿಂದ ಒತ್ತಿ ಒಂದೇ ಸಮನೆ ಬಾರಿಸುತ್ತಾ, 70 ಹರ್ಟ್ಜ್‌ನಿಂದ 140ರವರೆಗೆ ನಿಧಾನಕ್ಕೆ ತಿರುಗಿಸಿ. ಬಾರಿಸಲು ಎರಡೂ ಕೈ ಬೇಕಾದ್ದರಿಂದ ಲೂಪರ್ (ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಸೌಲಭ್ಯ) ಸಹಾಯಕ್ಕೆ ಬರುತ್ತದೆ, ಅಥವಾ ಗುಂಡಿ ತಿರುಗಿಸಲು ಯಾರನ್ನಾದರೂ ಕರೆಯಿರಿ. ಒಂದು ಕಡೆ ಪೆಟ್ಟಿಗೆಯ ಮೈಯೇ ನಡುಗುತ್ತದೆ, ಅಂಗೈ ಇಟ್ಟರೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ ಪ್ರಮಾಣ ಇಳಿಸಿಕೊಳ್ಳಿ. ಒಣ ಒಣ ಅಂತ ನಾನು ಬೈಯುತ್ತಿದ್ದ ಆಂಪೇ ಇಷ್ಟು ಮಾಡಿದ ಮೇಲೆ ಬೇರೆ ಥರ ಕೇಳಿಸಿತು.

ಐದನೆಯದು: ವ್ಯಾಟ್ ಲೆಕ್ಕ

50 ವ್ಯಾಟಿನ ಟ್ಯೂಬ್ ಆಂಪ್ 50 ವ್ಯಾಟಿನ ಸಾಲಿಡ್ ಸ್ಟೇಟ್‌ಗಿಂತ ಜೋರು ಅನ್ನುವ ಮಾತು ಕೇಳಿರುತ್ತೀರಿ. ವ್ಯಾಟ್ ಅಂದರೆ ವ್ಯಾಟೇ, ಅದರಲ್ಲಿ ಜಾತಿ ಇಲ್ಲ. ಆದರೆ ಮೇಲೆ ಹೇಳಿದ ಉಬ್ಬಿನ ಜಾಗದಲ್ಲಿ ಸ್ಪೀಕರಿನ ಓಮ್ ಏರಿದಾಗ ಸಾಲಿಡ್ ಸ್ಟೇಟ್ ಕೊಡುವ ಶಕ್ತಿ ಕುಗ್ಗುತ್ತದೆ, ಟ್ಯೂಬಿನದು ಅಷ್ಟು ಕುಗ್ಗುವುದಿಲ್ಲ. ಜೊತೆಗೆ ಟ್ಯೂಬ್ ಆಂಪನ್ನು ಅಳತೆ ಮೀರಿ ತಳ್ಳಿದರೂ ಕೇಳಲು ಚೆಂದ, ಸಾಲಿಡ್ ಸ್ಟೇಟ್ ಅಳತೆ ಮೀರಿದರೆ ಕರ್ಕಶ. ಹೀಗಾಗಿ ಸಾಲಿಡ್ ಸ್ಟೇಟ್‌ನಲ್ಲಿ ಮೀಸಲು ಜಾಸ್ತಿ ಇಟ್ಟುಕೊಳ್ಳಬೇಕು.

ಡಬ್ಬದ ಮೇಲಿನ ಅಂಕಿಯನ್ನು ಎಷ್ಟು ಓಮ್‌ಗೆ ಅಂತ ನೋಡಿಯೇ ಓದಿ. ಸೀಮೋರ್ ಡಂಕನ್ ಪವರ್‌ಸ್ಟೇಜ್ 170ರ 170 ವ್ಯಾಟ್ 4 ಓಮ್‌ಗೆ. ಸಾಲಿಡ್ ಸ್ಟೇಟ್ ಆಂಪ್‌ಗಳು ಸಾಮಾನ್ಯವಾಗಿ 8 ಓಮ್‌ಗೆ ಅದರ ಅರ್ಧದ ಹತ್ತಿರ, 16 ಓಮ್‌ಗೆ ಅದರಲ್ಲೂ ಅರ್ಧ ಕೊಡುತ್ತವೆ. ಟ್ಯೂಬ್ ಆಂಪಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದರಿಂದ, 4, 8, 16ಕ್ಕೆ ಬೇರೆ ಬೇರೆ ಜಾಕ್ ಅಥವಾ ಸ್ವಿಚ್ ಇಟ್ಟು ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ ಶಕ್ತಿ ಕೊಡುತ್ತಾರೆ. ನಿಮ್ಮದು 16 ಓಮ್ ಕ್ಯಾಬಿನೆಟ್ ಆಗಿದ್ದರೆ ಇದು ಸಣ್ಣ ವಿಷಯವಲ್ಲ.

ಹಾಗಂತ ವ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬಲ್, ಕಿವಿಗೆ ಎರಡು ಪಟ್ಟು ಜೋರು ಅನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸ್ಪೀಕರ್ ಬದಲಾಯಿಸಿದರೇ ಕೆಲವು ಡೆಸಿಬಲ್ ಸಿಕ್ಕಿಬಿಡುತ್ತವೆ. ಡ್ರಮ್ಮರ್ ಜೊತೆ ನುಡಿಸುವವರಿಗೆ ನನ್ನ ಅಂದಾಜು: ಟ್ಯೂಬ್ ಆದರೆ 50 ವ್ಯಾಟ್, ಸಾಲಿಡ್ ಸ್ಟೇಟ್ ಆದರೆ ನಿಮ್ಮ ಕ್ಯಾಬಿನೆಟ್ಟಿನ ಓಮ್‌ಗೆ ನೂರರ ಮೇಲೆ. ಸ್ಪೀಕರ್ ತಡೆಯುತ್ತದಾ ಅಂತಲೂ ನೋಡಿ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ತಡೆಯುವುದು 25 ವ್ಯಾಟ್, ಒಂದೇ ಒಂದು ಗ್ರೀನ್‌ಬ್ಯಾಕ್ ಇರುವ ಪೆಟ್ಟಿಗೆಗೆ 200 ವ್ಯಾಟ್ ಕಟ್ಟಿ ಗುಂಡಿ ತಿರುಗಿಸಿದರೆ ಸುಟ್ಟ ವಾಸನೆ ಬರುತ್ತದೆ.

ಆರನೆಯದು: ಕಟ್ಟುವಾಗ ಕೆಡಿಸಬೇಡಿ

ಟ್ಯೂಬ್ ಆಂಪನ್ನು ಸ್ಪೀಕರ್ ಇಲ್ಲದೆ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದರೆ ರಿಪೇರಿ ದುಬಾರಿ. ಸಾಲಿಡ್ ಸ್ಟೇಟ್‌ಗೆ ಸ್ಪೀಕರ್ ಇಲ್ಲದಿದ್ದರೆ ಏನೂ ಆಗುವುದಿಲ್ಲ, ಆದರೆ ಅದು ಹೇಳಿದ ಕನಿಷ್ಠ ಓಮ್‌ಗಿಂತ ಕೆಳಗೆ ಇಳಿಯಬಾರದು. ಎರಡು 8 ಓಮ್ ಪೆಟ್ಟಿಗೆ ಪ್ಯಾರಲಲ್ ಆಗಿ ಕಟ್ಟಿದರೆ 4 ಆಗುತ್ತದೆ, ನೆನಪಿರಲಿ. ಗಿಟಾರ್ ಕೇಬಲ್ಲನ್ನು ಸ್ಪೀಕರಿಗೆ ಹಾಕಬೇಡಿ. ನೋಡಲು ಎರಡೂ ಒಂದೇ ಥರ, ಒಳಗಿನ ತಂತಿ ಬೇರೆ. ಕ್ಲಾಸ್ ಡಿ ಆಂಪ್‌ಗಳಲ್ಲಿ ಕೆಲವದರ ಔಟ್‌ಪುಟ್ ಬ್ರಿಡ್ಜ್ ಆಗಿರುತ್ತದೆ, ಅದರ ಎರಡೂ ತುದಿಯಲ್ಲಿ ಕರೆಂಟ್ ಇರುತ್ತದೆ, ಯಾವುದನ್ನೂ ಗ್ರೌಂಡ್‌ಗೆ ತಾಗಿಸುವ ಹಾಗಿಲ್ಲ. ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ, ಆ ಒಂದು ಪುಟ ಓದಿ. ಅಂದ ಹಾಗೆ ಕ್ಲಾಸ್ ಡಿ ಅಂದರೆ ಡಿಜಿಟಲ್ ಅಲ್ಲ, ಎ, ಬಿ, ಸಿ ಆದ ಮೇಲೆ ಡಿ ಬಂತು ಅಷ್ಟೇ.

ತೂಕ, ಬಾಳಿಕೆಯ ಮಾತಲ್ಲಿ ಟ್ಯೂಬ್ ಸೋಲುತ್ತದೆ. ಟ್ರಾನ್ಸ್‌ಫಾರ್ಮರ್ ಕಬ್ಬಿಣ ಹೊರಬೇಕು, ಇಎಲ್34 ಅಥವಾ 6ಎಲ್6 ಟ್ಯೂಬ್‌ಗಳನ್ನು ಆಗಾಗ ಜೋಡಿಯಾಗಿ ಬದಲಾಯಿಸಬೇಕು, ಎಷ್ಟೋ ಆಂಪ್‌ಗಳಲ್ಲಿ ಬಯಾಸ್ (ಟ್ಯೂಬಿನಲ್ಲಿ ಸುಮ್ಮನಿದ್ದಾಗ ಹರಿಯುವ ಕರೆಂಟ್) ಕೂಡ ಹೊಂದಿಸಬೇಕು. ಕ್ಲಾಸ್ ಡಿ ಪೆಡಲ್‌ಬೋರ್ಡ್ ಮೇಲೇ ಕೂರುತ್ತದೆ. ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಏಳನೆಯದು: ಕೊಳ್ಳುವ ಮೊದಲು ಪುಕ್ಕಟೆ ಪರೀಕ್ಷೆ

ನಿಮ್ಮ ಹತ್ತಿರವೋ ಗೆಳೆಯರ ಹತ್ತಿರವೋ ಎಫೆಕ್ಟ್ಸ್ ಲೂಪ್ ಇರುವ ಟ್ಯೂಬ್ ಆಂಪ್ ಇದ್ದರೆ ಅದೇ ನಿಮ್ಮ ಪವರ್ ಆಂಪ್. ಮಾಡೆಲರಿನ ಔಟ್‌ಪುಟ್ ತಂದು ಆಂಪಿನ ಹಿಂದಿನ ರಿಟರ್ನ್ ಜಾಕಿಗೆ ಹಾಕಿ. ಅದರ ಪ್ರಿಆಂಪ್ ಪಕ್ಕಕ್ಕೆ ಸರಿದು, ಪವರ್ ಟ್ಯೂಬ್‌ಗಳು ಮಾತ್ರ ಕೆಲಸ ಮಾಡುತ್ತವೆ. ಕೆಲವು ಆಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ಲೂಪಿಗಿಂತ ಮೊದಲೇ ಇರುತ್ತದೆ. ಆಗ ಅದು ಏನೂ ತಡೆಯುವುದಿಲ್ಲ, ಪೂರ್ತಿ ಜೋರಿನಲ್ಲಿ ಎದೆಗೆ ಬಂದು ಬಡಿಯುತ್ತದೆ. ಆದ್ದರಿಂದ ಮಾಡೆಲರಿನ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಶುರು ಮಾಡಿ.

ಒಂದು ಸಂಜೆ ಹೀಗೆ ನುಡಿಸಿದರೆ ನಿಮ್ಮ ಸ್ವಭಾವ ನಿಮಗೇ ಗೊತ್ತಾಗುತ್ತದೆ. ಒಂದೆರಡು ದನಿ ಹಿಡಿದು ಅದರಲ್ಲೇ ಗಂಟೆಗಟ್ಟಲೆ ಕಳೆಯುವವರಿಗೆ, ಜೋರಾಗಿ ನುಡಿಸಲು ಜಾಗ ಇರುವವರಿಗೆ ಟ್ಯೂಬ್ ಒಪ್ಪುತ್ತದೆ. ಹಾಡಿಗೊಂದು ಆಂಪ್ ಬದಲಾಯಿಸುವವರಿಗೆ ಒಂದೇ ಜೋಡಿ ಟ್ಯೂಬು ಎಲ್ಲದಕ್ಕೂ ತನ್ನದೇ ಬಣ್ಣ ಬಳಿದು ಬೇಜಾರು ತರಿಸುತ್ತದೆ. ನಾನು ಎರಡನೇ ಗುಂಪಿನವನು, ಸಾಲಿಡ್ ಸ್ಟೇಟ್ ಇಟ್ಟುಕೊಂಡಿದ್ದೇನೆ. ಟ್ಯೂಬ್ ಆಂಪ್ ಪಕ್ಕದಲ್ಲಿ ನಿಂತರೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ, ಅದು ಬೇರೆ ವಿಷಯ.

ಎರಡನ್ನೂ ಪಕ್ಕಪಕ್ಕ ಹೋಲಿಸುವ ಅವಕಾಶ ಸಿಕ್ಕರೆ ಮಾಡೆಲರಿನ ಲೂಪರ್‌ನಲ್ಲಿ ಒಂದು ತುಣುಕು ಹಾಕಿ, ಫೋನಿನ ಸೌಂಡ್ ಮೀಟರ್ ಹಿಡಿದು ಎರಡರ ಜೋರನ್ನೂ ಸಮ ಮಾಡಿ. ಸ್ವಲ್ಪ ಜೋರಿರುವುದೇ ಚೆನ್ನಾಗಿ ಕೇಳಿಸುತ್ತದೆ, ಕಿವಿ ಹಾಗೇ ಮೋಸ ಹೋಗುತ್ತದೆ. ಸದ್ದು ಕಮ್ಮಿ ಇದ್ದಾಗ ಬೇಸ್ ಕಿವಿಗೆ ಕಮ್ಮಿ ಬೀಳುತ್ತದೆ ಅನ್ನುವುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ, ಹಾಗಾಗಿ ಪ್ರೀಸೆಟ್‌ಗಳನ್ನು ಬ್ಯಾಂಡ್ ಜೊತೆ ನುಡಿಸುವ ಜೋರಿನಲ್ಲೇ ಹೊಂದಿಸಿ ಹೋಲಿಸಿ. ಮತ್ತೆ, ಕ್ಯಾಬಿನೆಟ್ಟಿನ ತಂತಿಯನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕುವ ಮುಂಚೆ ಟ್ಯೂಬ್ ಆಂಪನ್ನು ಸ್ಟ್ಯಾಂಡ್‌ಬೈಗೆ ಹಾಕಿ, ಅದಿಲ್ಲದಿದ್ದರೆ ಪೂರ್ತಿ ಆಫ್ ಮಾಡಿ.